ಕ್ಯಾರಲಳ ಆಕಳು, ನಮ್ಮ ಸೋಮವಾರ

ವಿಮಾನ ನಿಲ್ದಾಣ

“ಈಚೆಗೆ ದನಗಳ ಹತ್ತಿರ ಹೋಗಿದ್ದಿರಾ?” ಎಂದು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಕೇಳಿದ. ಹತ್ತಿರ ಎಂದರೆ ಏನು ಹೇಳಲಿ? ಮೂವತ್ತಮೂರು ವರ್ಷ ಧಾರವಾಡ ಸೀಮೆಯ ಸರಕಾರಿ ಪಶು ಆಸ್ಪತ್ರೆಗಳಲ್ಲಿ ವೈದ್ಯಳಾಗಿದ್ದವಳು ನಾನು. ಗಬ್ಬ ನಿಂತಿದೆಯೋ ಇಲ್ಲವೋ ಎಂದು ನೋಡಲು ಭುಜದವರೆಗೆ ಕೈ ಹಾಕುವುದೇ ನನ್ನ ದಿನದ ಕೆಲಸವಾಗಿತ್ತು. ನಿವೃತ್ತಳಾದ ಮೇಲೂ, ಹೊರಡುವ ಹಿಂದಿನ ವಾರ ಪಕ್ಕದ ಓಣಿಯ ಎಮ್ಮೆಯೊಂದನ್ನು ಮುಟ್ಟಿ ನೋಡಿ ಬಂದಿದ್ದೆ. ಹೌದು ಎಂದೆ.

ನನ್ನ ಹಿಂದೆ ನಿಂತಿದ್ದ ಬೆಂಗಳೂರಿನ ಹೆಂಗಸು ಗಂಡನಿಗೆ “ಎಲ್ಲದಕ್ಕೂ ನೋ ಅನ್ರೀ” ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅವರು ನೋ ಅಂದು ದಾಟಿ ಹೋದರು. ಸತ್ಯ ಹೇಳಿದ ನನ್ನನ್ನು ಬೇರೆ ಸಾಲಿಗೆ ಕಳಿಸಿ, ಕಾಲಿನ ಬೂಟು ಬಿಚ್ಚಿಸಿ, ಒಂದು ತಟ್ಟೆಯಲ್ಲಿಟ್ಟು, ಬ್ರಶ್ಶಿನಿಂದ ಅಟ್ಟೆ ತಿಕ್ಕಿ, ಔಷಧಿ ನೀರಿನಲ್ಲಿ ಅದ್ದಿದರು. ಒಂದು ಕಾಲಕ್ಕೆ, ಕಾಲುಬಾಯಿ ಬೇನೆ ಬಂದಾಗ, ನಾನೇ ರೈತರ ಚಪ್ಪಲಿಗೆ ಹೀಗೆ ಮಾಡಿಸುತ್ತಿದ್ದೆ. ಕಾಲುಚೀಲದಲ್ಲಿ ನಿಂತು, ಅವರ ಸಿಟ್ಟು ಎಂಥದಿತ್ತು ಎಂದು ಅರ್ಥ ಮಾಡಿಕೊಂಡೆ.

ಹೊರಗೆ ಅಶ್ವಿನಿ ಕಾಯುತ್ತಿದ್ದಳು. ನನ್ನ ಅಕ್ಕನ ಮಗಳು, ನನ್ನನ್ನು ಮೌಶಿ ಎಂದು ಕರೆಯುವವಳು. ಹುಬ್ಬಳ್ಳಿಯಲ್ಲಿ ಶಾಲೆಗೆ ಸೂಟಿ ಬಿಟ್ಟ ಕೂಡಲೇ ನನ್ನ ಜೀಪಿನ ಹಿಂದಿನ ಸೀಟು ಹಿಡಿದು ಹಳ್ಳಿ ಹಳ್ಳಿ ತಿರುಗಿದ ಹುಡುಗಿ. ಓಡಿ ಬಂದು ಅಪ್ಪಿಕೊಂಡಳು. ನನ್ನ ಕೈ ತಂತಾನೇ ಅವಳ ಬೆನ್ನ ಮೇಲೆ ಇಳಿದು ಪಕ್ಕೆಲುಬು ಎಣಿಸಿತು. ನಾವು ದನದ ಬೆನ್ನು, ಪಕ್ಕೆ, ಬಾಲದ ಬುಡ ಮುಟ್ಟಿ ಮೈಕಟ್ಟಿಗೆ ಅಂಕ ಕೊಡುತ್ತೇವೆ. ಒಂದು ಎಂದರೆ ಎಲುಬಿನ ಗೂಡು, ಐದು ಎಂದರೆ ಕೊಬ್ಬಿನ ಮುದ್ದೆ. ಅಶ್ವಿನಿಗೆ ಎರಡು ಕೊಡಲೂ ಮನಸ್ಸು ಬರಲಿಲ್ಲ. ಸ್ವಂತ ಮಗಳಂಥವಳಿಗೆ ಹೀಗೆ ಅಂಕ ಹಾಕುವ ಈ ಕೈಗೆ ನಾಚಿಕೆ ಎಂಬುದಿಲ್ಲ.

ನೆವಾರ್ಕ್

ಅವಳ ಗಂಡ ಕಾರ್ತಿಕ ಮೈಸೂರಿನವನು. ಸಭ್ಯ, ಮೆತ್ತನೆಯ ಮಾತು, ಕಾರಿಗೆ ಕರೆಂಟು ತುಂಬಿಸುವುದನ್ನು ಸಂಧ್ಯಾವಂದನೆಯಷ್ಟು ಶ್ರದ್ಧೆಯಿಂದ ಮಾಡುವವನು. ಅವರ ಅಪಾರ್ಟ್‌ಮೆಂಟು ನೆವಾರ್ಕಿನಲ್ಲಿ. ಈ ಊರಿಗೆ ಬೀದಿ ಇದೆ, ಜನ ಇಲ್ಲ. ಬೆಳಗ್ಗೆ ಎಲ್ಲರೂ ಫ್ರೀವೇ ಎಂಬ ಹೆದ್ದಾರಿಗೆ ಹೋಗಿ ನಿಲ್ಲುತ್ತಾರೆ, ಸಂಜೆ ಮತ್ತೆ ಅಲ್ಲೇ ನಿಂತು ಮನೆಗೆ ಬರುತ್ತಾರೆ. ದನಗಳೂ ಮನೆಗೆ ಮರಳುವಾಗ ಇಷ್ಟು ಒತ್ತಾಗಿ ನಿಲ್ಲುವುದಿಲ್ಲ.

ಅವರ ಫ್ರಿಜ್ಜು ನೋಡಿ ನನಗೆ ತಲೆ ಕೆಟ್ಟಿತು. ಒಂದು ಗೋಡೆಯಷ್ಟು ದೊಡ್ಡದು. ಒಳಗೆ ಬಾದಾಮಿ ಹಾಲು, ಓಟ್ಸ್ ಹಾಲು, ಇನ್ನೊಂದು ಯಾವುದೋ ಬೀಜದ ಹಾಲು. ಆಕಳ ಹಾಲು ಮಾತ್ರ ಇಲ್ಲ. ಊಟದ ಬದಲು ಕಾಗದ ಸುತ್ತಿದ ಪ್ರೋಟೀನ್ ಬಾರುಗಳು. ಒಂದನ್ನು ಕಚ್ಚಿ ನೋಡಿದೆ. ನಮ್ಮ ಇಲಾಖೆ ಹಂಚುತ್ತಿದ್ದ ಖನಿಜದ ಇಟ್ಟಿಗೆಯನ್ನು ದನಗಳು ಕನಿಷ್ಠ ಇಷ್ಟಪಟ್ಟು ನೆಕ್ಕುತ್ತಿದ್ದವು.

ಮರುದಿನ ಕಾರ್ತಿಕ ಆಫೀಸಿಗೆ ಹೋದ ಮೇಲೆ ಅಶ್ವಿನಿ ನನ್ನ ಎದುರು ಕೂತಳು.

“ಮೌಶಿ, ಒಂದ್ ಮಾತು. ಆರನೇ ವಾರ ನಡದದ.”

ಇದಕ್ಕೂ ಮೊದಲು ಎರಡು ಸಲ ಬಸಿರು ನಿಂತು, ಎರಡೂ ಸಲ ಹೋಗಿತ್ತು. ಒಂದು ಎಂಟನೆಯ ವಾರ, ಇನ್ನೊಂದು ಒಂಬತ್ತನೆಯದರಲ್ಲಿ. ಅದಕ್ಕೇ ಈ ಸಲ ಯಾರಿಗೂ ಹೇಳಿರಲಿಲ್ಲ. ತನ್ನ ತಾಯಿಗೂ ಇಲ್ಲ. ಅಕ್ಕನಿಗೆ ಹೇಳಿದರೆ ಸಂಜೆಯೊಳಗೆ ಇಡೀ ಹುಬ್ಬಳ್ಳಿಗೆ ಗೊತ್ತಾಗುತ್ತದೆ. ಮೊದಲ ಸ್ಕ್ಯಾನು ಮುಂದಿನದರ ಮುಂದಿನ ಗುರುವಾರ.

“ಅವ್ವಗ ಹೇಳಬ್ಯಾಡ. ಈ ಸಲೆ ಹೋದ್ರ ನಾ ಮತ್ತ ಪ್ರಯತ್ನ ಮಾಡಂಗಿಲ್ಲ” ಎಂದಳು. ಹವಾಮಾನದ ಸುದ್ದಿ ಓದುವವರ ಧ್ವನಿ ಅದು.

ಪ್ಯಾಂಟಿನ ಸೊಂಟಕ್ಕೆ ಪಿನ್ನು ಹಾಕಿಕೊಂಡಿದ್ದಳು. ಏನು ತಿಂದರೂ ವಾಂತಿ ಎಂದಳು. ಅದು ಸರಿ, ಆ ದಿನಗಳಲ್ಲಿ ಹಾಗೇ. ಜೊತೆಗೆ ಹದಿನಾರು ಸೋಮವಾರದ ವ್ರತ ಬೇರೆ ಹಿಡಿದಿದ್ದಳು. ಬೆಳಗಿನಿಂದ ಸೂರ್ಯ ಮುಳುಗುವವರೆಗೆ ಹನಿ ನೀರಿಲ್ಲ, ಸಂಜೆ ಪೂಜೆಯಾದ ಮೇಲೆ ಗೋಧಿಹಿಟ್ಟು, ಬೆಲ್ಲ, ತುಪ್ಪ ಕಲಸಿದ ಒಂದು ಹಿಡಿ ಚೂರ್ಮ. ಹನ್ನೊಂದು ಮುಗಿದಿದ್ದವು. ಈ ವ್ರತ ಹಿಡಿಯಲು ಅವಳಿಗೆ ಹೇಳಿದವರು ಊರಿನ ಹಿರಿಯರೊಬ್ಬರು. ಯಾರು ಎಂಬುದನ್ನು ಆಮೇಲೆ ಹೇಳುತ್ತೇನೆ. ಸದ್ಯ ಅಂಥ ಹಿರಿಯರ ನಾಲಿಗೆಗೆ ಸೂಜಿ ಚುಚ್ಚಬೇಕು ಎಂದಷ್ಟೇ ಹೇಳಬಲ್ಲೆ.

ಭಾನುವಾರದ ಸಂತೆ

ಇಲ್ಲಿಯ ಸಂತೆಗೆ ಹೋದೆವು. ಗಜ್ಜರಿಗೆ ಮಣ್ಣು ಮೆತ್ತಿಕೊಂಡಿದ್ದರೆ ಅದಕ್ಕೆ ಮರ್ಯಾದೆ ಹೆಚ್ಚು. ನಾಯಿಗಳು ಮಕ್ಕಳ ಗಾಡಿಯಲ್ಲಿ ಕೂತು ಬಂದಿದ್ದವು, ಮಕ್ಕಳು ನಡೆಯುತ್ತಿದ್ದವು. ಒಬ್ಬ ಗಡ್ಡದವನು ನನಗೆ ಅರಿಸಿನದ ಗುಣ ವಿವರಿಸಿದ. ನಾನು ಕೈ ಮುಗಿದು ಮುಂದೆ ಹೋದೆ.

ಮೂಲೆಯ ಅಂಗಡಿಯೊಂದರಲ್ಲಿ ಒಂದು ಕಂದು ಆಕಳ ದೊಡ್ಡ ಫೋಟೋ ತೂಗುಹಾಕಿದ್ದರು. ಕೆಳಗೆ ಎಪ್ಪತ್ತರ ಆಸುಪಾಸಿನ ಬಿಳಿಯ ಹೆಂಗಸು, ಕೈ ಒರಟು, ಟೊಪ್ಪಿಗೆ ಹಳೆಯದು. ನಾನು ನಿಂತು ಫೋಟೋ ನೋಡಿದೆ. ಸೊಂಟದ ಎಲುಬು ಎದ್ದಿತ್ತು.

“ಈ ಆಕಳಿಗೆ ಆ ವರ್ಷ ಮೇವು ಸಾಕಾಗಿಲ್ಲ” ಎಂದೆ ನನ್ನ ಸರಕಾರಿ ಇಂಗ್ಲಿಷಿನಲ್ಲಿ.

ಹೆಂಗಸು ನನ್ನನ್ನೇ ದಿಟ್ಟಿಸಿದಳು. ಆಮೇಲೆ ನಕ್ಕಳು. ಆ ವರ್ಷ ಮಳೆ ಕೈಕೊಟ್ಟಿತ್ತಂತೆ. ಆ ಆಕಳು ಎರಡು ಸಲ ಹೋರಿಗೆ ಹೋದರೂ ಗಬ್ಬ ನಿಲ್ಲಲಿಲ್ಲವಂತೆ. ಇಷ್ಟು ವರ್ಷಗಳಲ್ಲಿ ಯಾರೊಬ್ಬರೂ ಆ ಫೋಟೋದಲ್ಲಿ ಇದನ್ನು ಕಂಡಿಲ್ಲವಂತೆ. ಹೆಸರು ಕ್ಯಾರಲ್. ಲಿವರ್‌ಮೋರಿನ ಆಚೆ ಗುಡ್ಡದಲ್ಲಿ ಅವಳ ದನಗಳಿವೆ, ಶನಿವಾರ ಬನ್ನಿ ಎಂದಳು. ನಾನು ಒಪ್ಪಿಕೊಂಡೆ.

ಅಶ್ವಿನಿ ನನ್ನ ತೋಳು ಹಿಡಿದು ಎಳೆದಳು. “ಮೌಶಿ, ಅದು ಬೀಫಿನ ಅಂಗಡಿ. ನೋಡೇ ಇಲ್ಲೇನು ನೀ?”

ನೋಡಿದ್ದೆ. ನಾನು ಮೊಟ್ಟೆ ಕೂಡ ಮುಟ್ಟದ ಮನೆಯವಳು. ಆದರೆ ನಮ್ಮೂರಲ್ಲಿ ಬರಡು ಬಿದ್ದ ಆಕಳು ಎಲ್ಲಿಗೆ ಹೋಗುತ್ತದೆ ಎಂಬುದು ಮೂವತ್ತಮೂರು ವರ್ಷ ನನಗೆ ಗೊತ್ತಿತ್ತು. ಮಾರಿದವರ ಮನೆಯಲ್ಲೇ ಚಹಾ ಕುಡಿದು ಬಂದಿದ್ದೇನೆ. ಕ್ಯಾರಲ್ ಬೋರ್ಡು ಬರೆದು ಮಾರುತ್ತಾಳೆ, ಅಷ್ಟೇ ವ್ಯತ್ಯಾಸ.

ಮರುದಿನ ಹನ್ನೆರಡನೆಯ ಸೋಮವಾರ. ಅಶ್ವಿನಿ ಬಾಗಿಲು ಹಾಕಿಕೊಂಡು ಮೀಟಿಂಗಿನ ಮೇಲೆ ಮೀಟಿಂಗು ಮಾಡಿದಳು. ನಡುವೆ ಎದ್ದು ಹೋಗಿ ಬರೀ ಹೊಟ್ಟೆಯಲ್ಲಿ ವಾಂತಿ ಮಾಡಿಕೊಂಡು, ಮುಖ ಒರೆಸಿ, ಮತ್ತೆ ಕ್ಯಾಮೆರಾದ ಮುಂದೆ ಕೂತು ನಕ್ಕಳು. ಸಂಜೆ ಒಂದು ಹಿಡಿ ಚೂರ್ಮ ತಿಂದಳು, ಅದೂ ನಿಲ್ಲಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಕ್ಯುಪರ್ಟಿನೋ

ಶುಕ್ರವಾರ ಸಂಜೆ ಕಾರ್ತಿಕನ ಸ್ನೇಹಿತರ ಮನೆಯಲ್ಲಿ ಊಟ. ಕ್ಯುಪರ್ಟಿನೋದಲ್ಲಿ ಮನೆ ಎಂದರೆ ಒಳ್ಳೆಯ ಶಾಲೆಯ ಪಕ್ಕ ಎಂದು ದುಬಾರಿಗೆ ಕೊಂಡ ಪೆಟ್ಟಿಗೆ. ಪೆಟ್ಟಿಗೆ ಎಷ್ಟು ಚಿಕ್ಕದೋ ಅದರ ಬಗ್ಗೆ ಮಾತು ಅಷ್ಟು ದೊಡ್ಡದು. ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ತಾಯಂದಿರು ಇಂಗ್ಲಿಷಿಗೆ ‘ಉ’ಕಾರ ಹಚ್ಚಿ ಕನ್ನಡ ಉಳಿಸುತ್ತಿದ್ದರು.

ಮನೆಯೊಡತಿ ದಿನಕ್ಕೆ ಹದಿನಾರು ಗಂಟೆ ಏನೂ ತಿನ್ನುವುದಿಲ್ಲವಂತೆ. ಅದನ್ನು ಅವಳು ಮೂರು ಬಗೆಯ ಪಾಯಸ ಬಡಿಸುತ್ತಾ ಹೇಳಿದಳು. “ಬಾಡಿ ಫುಲ್ ಕ್ಲೀನ್ ಆಗುತ್ತೆ ಆಂಟಿ, ಯೂ ಶುಡ್ ಟ್ರೈ. ಅಶ್ವಿನಿ ನೋಡಿ, ಎಷ್ಟು ಸ್ಲಿಮ್ ಆಗಿದಾಳೆ, ಲಕ್ಕಿ.” ಲಕ್ಕಿಯಾದ ಅಶ್ವಿನಿ ತಟ್ಟೆಯಲ್ಲಿ ಅನ್ನವನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದಳು.

ಲಾಸ್ ಆಲ್ಟೋಸಿನಿಂದ ಬಂದಿದ್ದ ಒಬ್ಬ ಮಹನೀಯರು ದೇಸಿ ಗೋವಿನ ಬಗ್ಗೆ ಉಪನ್ಯಾಸ ಶುರುಮಾಡಿದರು. ದೇಸಿ ಆಕಳ ತುಪ್ಪ, ದೇಸಿ ಆಕಳ ಕಂಪನ, ದೇಸಿ ಆಕಳ ಕಣ್ಣಿನ ಕರುಣೆ. ಅರ್ಧ ಗಂಟೆ ಕೇಳಿದೆ. ನಂತರ ಒಂದೇ ಪ್ರಶ್ನೆ ಹಾಕಿದೆ.

“ಮಲಗಿದ ಆಕಳು ಏಳಬೇಕಾದ್ರ ಮುಂದಿನ ಕಾಲಿಂದ ಏಳ್ತದೋ, ಹಿಂದಿನ ಕಾಲಿಂದಲೋ, ಸರ?”

ಅವರು ಕಣ್ಣು ಕಣ್ಣು ಬಿಟ್ಟರು. “ಮುಂದಿನದು… ಆಬ್ವಿಯಸ್ಲಿ, ಮುಂದಿನದು” ಎಂದರು.

“ಅದು ಕುದುರಿ” ಎಂದೆ. “ಆಕಳು ಮೊದ್ಲ ಹಿಂದಿಂದ ಎತ್ತತದ.”

ಮಹನೀಯರು ನೀರು ಕುಡಿಯಲು ಹೋದರು. ಮಾತು ಬದಲಿಸಲೆಂದು ಯಾರೋ ಶನಿವಾರದ ಕಾರ್ಯಕ್ರಮ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾರ್ತಿಕ “ಲಿವರ್‌ಮೋರ್ ಕಡೆ, ವೈನರಿ ನೋಡೋಕೆ” ಎಂದ. ಎಲ್ಲರೂ ಸಂತೋಷಪಟ್ಟರು. ಕಾರಿನಲ್ಲಿ ಅವನನ್ನು ಹಿಡಿದೆ.

“ಸಾರಿ ಚಿಕ್ಕಮ್ಮ. ಬೀಫ್ ರ‍್ಯಾಂಚು ಅಂದ್ರೆ ಸುಮ್ನೆ ಇಶ್ಯೂ ಆಗುತ್ತೆ” ಎಂದ. ಅರವತ್ತೆರಡು ವರ್ಷದ ವಿಧವೆಯನ್ನು ಹೆಂಡದ ತೋಟಕ್ಕೆ ಕರೆದುಕೊಂಡು ಹೋದರೆ ಇಶ್ಯೂ ಇಲ್ಲ, ದನದ ಹಟ್ಟಿಗೆ ಕರೆದುಕೊಂಡು ಹೋದರೆ ಇದೆ. ಎಂಥ ಜನವಪ್ಪಾ.

ಕ್ಯಾರಲಳ ಗುಡ್ಡ

ಜನವರಿಯಲ್ಲಿ ಇಲ್ಲಿ ಮಳೆ ಬಿದ್ದು ಗುಡ್ಡಗಳು ಹಸಿರಾಗಿರುತ್ತವೆ. ಕ್ಯಾರಲ್ ಬೇಲಿಯ ಬಾಗಿಲಲ್ಲಿ ನಿಂತಿದ್ದಳು. ಕಾರ್ತಿಕ ತನ್ನ ಬಿಳಿ ಬೂಟು ನೋಡಿಕೊಂಡು, ಲ್ಯಾಪ್‌ಟಾಪು ತೆರೆದು, ಕಾರಿನಲ್ಲೇ ಉಳಿದ.

ಕರಿ, ಕಂದು ಆಕಳುಗಳು ಇಳಿಜಾರಿನಲ್ಲಿ ಮೇಯುತ್ತಿದ್ದವು. ಹಾಲಿಗೆ ಸಾಕಿದ ದನಗಳಲ್ಲ, ಮಾಂಸಕ್ಕೆ ಸಾಕಿದವು. ಅಗಲ ಬೆನ್ನು, ಚಿಕ್ಕ ಕೆಚ್ಚಲು. ಬಗಲಿನ ಆವರಣದಲ್ಲಿ ಹೋದ ವರ್ಷದ ಕರುಗಳಿದ್ದವು. ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಬೇಕಿರಲಿಲ್ಲ. ಒಂದು ಬಂದು ನನ್ನ ಕೈ ನೆಕ್ಕಿತು. ನಾನು ಆ ಕಡೆ ಬೆನ್ನು ಮಾಡಿ ನಿಂತೆ. ಇದರಲ್ಲಿ ಧೈರ್ಯದ ಮಾತೇನೂ ಇಲ್ಲ, ನೋಡಲು ಆಗಲಿಲ್ಲ.

ಕ್ಯಾರಲ್ ಆಕಳುಗಳನ್ನು ಮುಟ್ಟಿ ತೋರಿಸಿದಳು. ಅವಳೂ ಅಂಕ ಕೊಡುತ್ತಾಳೆ. ನಾವು ಐದಕ್ಕೆ ಮುಗಿಸಿದ್ದನ್ನು ಅಮೆರಿಕದವರು ಒಂಬತ್ತರ ತನಕ ಎಳೆದಿದ್ದಾರೆ. ಎಲ್ಲದರಲ್ಲೂ ಇವರಿಗೆ ದೊಡ್ಡ ಅಳತೆಯೇ ಬೇಕು. ಆದರೆ ಅವಳ ಕೈ ಸರಿಯಾದ ಜಾಗ ಮುಟ್ಟುತ್ತಿತ್ತು. ಅಳತೆ ಬದಲಿಸಿ ಲೆಕ್ಕ ಹಾಕಿದರೆ, ನಾನು ಮನಸ್ಸಿನಲ್ಲಿ ಹಾಕಿದ ಅಂಕಕ್ಕೂ ಅವಳು ಹೇಳಿದ್ದಕ್ಕೂ ಒಂದರಲ್ಲೂ ವ್ಯತ್ಯಾಸ ಬರಲಿಲ್ಲ. ಬಂದಾಗಿನಿಂದ ಈ ದೇಶದಲ್ಲಿ ನಾನು ಮೂಗು ಮುರಿಯದೆ ಮಾತಾಡಿದ ಮೊದಲ ವ್ಯಕ್ತಿ ಅವಳು.

ಅವಳ ಇಂಗ್ಲಿಷು ನನಗೆ ಅರ್ಧ, ನನ್ನದು ಅವಳಿಗೆ ಅರ್ಧ ತಿಳಿಯುತ್ತಿತ್ತು. ನಡುವೆ ಅಶ್ವಿನಿ ನಿಂತು ಆ ಕಡೆಯದನ್ನು ಈ ಕಡೆಗೆ ದಾಟಿಸುತ್ತಿದ್ದಳು.

ಕ್ಯಾರಲ್ ಹೇಳಿದಳು: ಹೋರಿ ಬಿಟ್ಟ ಮೇಲೆ ಒಂದೂವರೆ ತಿಂಗಳು ಈ ಆಕಳುಗಳನ್ನು ಲಾರಿಗೆ ಹತ್ತಿಸುವುದಿಲ್ಲ, ಒಳ್ಳೆಯ ಹುಲ್ಲಿನಿಂದ ಕೆಟ್ಟ ಹುಲ್ಲಿಗೆ ದೂಡುವುದಿಲ್ಲ. ಅವಳ ಅಪ್ಪ ಒಮ್ಮೆ ಹೋರಿ ಬಿಟ್ಟ ಎರಡೇ ವಾರಕ್ಕೆ ದನಗಳನ್ನು ಒಣ ಗುಡ್ಡಕ್ಕೆ ಸಾಗಿಸಿದ್ದನಂತೆ. ಆ ವರ್ಷ ಬಹಳ ಆಕಳುಗಳು ಬರಿದಾಗಿ ಬಂದವು. ನಿಂತಿದ್ದೂ ಯಾರಿಗೂ ಗೊತ್ತಿಲ್ಲ, ಹೋಗಿದ್ದೂ ಯಾರಿಗೂ ಗೊತ್ತಿಲ್ಲ. ಆಕಳು ಒಂದು ದಿನ ಮತ್ತೆ ಬೆದೆಗೆ ಬಂದಾಗಲೇ ತಿಳಿಯುವುದು. “ಜನ ಕೊನೆಯ ತಿಂಗಳ ಹೊಟ್ಟೆ ನೋಡುತ್ತಾರೆ. ಹೃದಯ, ಪಿತ್ತಕೋಶ ಎಲ್ಲದಕ್ಕೂ ಬುನಾದಿ ಬೀಳುವುದು ಮೊದಲ ವಾರಗಳಲ್ಲಿ. ಆಗ ತಾಯಿಗೆ ಏನು ಸಿಕ್ಕಿತು ಎಂಬುದನ್ನು ಕರು ಜೀವಮಾನ ಹೊತ್ತುಕೊಂಡು ತಿರುಗುತ್ತದೆ” ಎಂದಳು. ಆಮೇಲೆ ಕೇಳಿದಳು, ನಿಮ್ಮೂರಲ್ಲಿ ಗಬ್ಬ ನಿಲ್ಲದ ಆಕಳಿಗೆ ನೀವೇನು ಹೇಳುತ್ತಿದ್ದಿರಿ?

ಕೇಳಬಾರದಾಗಿತ್ತು. ನನಗೆ ಉತ್ಸಾಹ ಬಂತು. ನಿವೃತ್ತಿಯಾದ ಮೇಲೆ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ.

“ಹೇಳ್ ಆಕಿಗೆ” ಎಂದೆ ಅಶ್ವಿನಿಗೆ. “ಮೊದಲ ಮೂರು ವಾರ ಒಳಗಿನ ಜೀವ ಇನ್ನೂ ಗಟ್ಟಿಯಾಗಿ ಅಂಟಿರೂದಿಲ್ಲ. ತೇಲಾಡ್ತಿರ್ತದ. ಗರ್ಭಚೀಲ ಹನಿ ಹನಿ ಒಸರಿಸಿದ್ದ ಅದರ ಊಟ. ಆ ಹೊತ್ತಿನ್ಯಾಗ ತಾಯಿ ಮೈ ಇಳೀಬಾರದು. ಆಮ್ಯಾಲೂ ಅಷ್ಟ, ಅಂಟಿ ಬೇರ್ ಬಿಡೂ ತನಕ. ನಮ್ಮ ಜನಾ ಏನ್ ಮಾಡ್ತಿದ್ರು ಅಂದ್ರ, ಆಕಳನ್ನ ಜ್ವಾಳದ ಒಣ ಕಣಕಿ ಮ್ಯಾಲೆ ಬಿಟ್ಟು, ತಾವು ಗುಡಿಗೆ ಹೋಗಿ ಹರಕಿ ಹೊರ್ತಿದ್ರು. ನಾ ಬೈತಿದ್ದೆ. ಹರಕಿ ಆಮ್ಯಾಲ ಹೊರ್ರಿ, ಮೊದ್ಲ ಹೊಟ್ಟಿಗೆ ಹಾಕ್ರಿ ಅಂತ.”

ಅಶ್ವಿನಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ತೇಲಾಡುವ ಜೀವ, ಹನಿ ಹನಿ ಊಟ, ಎಲ್ಲವನ್ನೂ ಚೆನ್ನಾಗಿ ಹೇಳಿದಳು. ‘ಮೊದಲು ಅವಳ ಹೊಟ್ಟೆಗೆ ಹಾಕಿ ಅಂತ ಹೇಳುತ್ತಿದ್ದರಂತೆ’ ಎನ್ನುವಲ್ಲಿಗೆ ಬಂದು ನಿಂತುಬಿಟ್ಟಳು. ಕ್ಯಾರಲ್ ಕಾದಳು. ಅಶ್ವಿನಿ ಬೇಲಿಯ ತಂತಿ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಅವಳು ಯಾಕೆ ನಿಂತಳು ಎಂದು ನನಗೆ ಗೊತ್ತಿತ್ತು.

ಫ್ರೀವೇ

ಕಾರು ಗುಡ್ಡ ಇಳಿದು ಫ್ರೀವೇ ಹತ್ತಿತು. ಮುಂದಿನ ಸೀಟಿನಿಂದ, ಹಿಂದೆ ತಿರುಗದೆ, ಅಶ್ವಿನಿ ಕರೆದಳು.

“ಮೌಶಿ.”

“ಹ್ಞೂಂ.”

“ರೈತರಿಗೆ ಹೇಳೂದು ಒಂದು, ನನಗ ಹೇಳೂದು ಒಂದೇನು?”

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾಲಿಗೆಗೆ ಸೂಜಿ ಚುಚ್ಚಬೇಕಾದ ಆ ಹಿರಿಯರು ನಾನೇ. ಎರಡನೆಯದು ಹೋದ ದಿನ ಅವಳು ನನಗೆ ಫೋನು ಮಾಡಿ ಅತ್ತಿದ್ದಳು. ಆ ಕಡೆ ಅಳು, ಈ ಕಡೆ ನಾನು, ಕೈಯಲ್ಲಿ ಕೊಡಲು ಔಷಧಿ ಇಲ್ಲ, ಹೇಳಲು ಮಾತಿಲ್ಲ. ಬಾಯಿಗೆ ಬಂದಿದ್ದನ್ನು ಹೇಳಿದೆ: ಹದಿನಾರು ಸೋಮವಾರ ಹಿಡಿ, ಎಲ್ಲಾ ಸರಿ ಆಗ್ತದ. ನಾನು ಜೀವಮಾನದಲ್ಲಿ ಒಂದು ಸೋಮವಾರವೂ ಹಿಡಿದವಳಲ್ಲ. ಏಕಾದಶಿಯ ದಿನ ಎರಡು ಸಲ ಉಪ್ಪಿಟ್ಟು ತಿನ್ನುವವಳು. ಫೋನು ಇಟ್ಟು ಊಟ ಮಾಡಿದೆ, ಮರೆತೂ ಬಿಟ್ಟೆ. ಊರೂರಿನ ಮೂಢರನ್ನು ಮೂವತ್ತಮೂರು ವರ್ಷ ಬೈದವಳು ನಾನು.

“ಅವತ್ತ ಏನ್ ಹೇಳಬೇಕು ತಿಳೀಲಿಲ್ಲ, ಅಶೂ” ಎಂದೆ.

“ನೀ ಹೇಳಿದ್ದಕ್ಕ ಹಿಡದೆ. ಅವ್ವ ಹೇಳಿದ್ರ ಹಿಡೀತಿದ್ದಿಲ್ಲ. ನೀ ಡಾಕ್ಟರು, ನಿನಗ ಗೊತ್ತಿರ್ತದ ಅಂತ ಹಿಡದೆ.”

ಕಾರ್ತಿಕ ಕನ್ನಡಿಯಲ್ಲಿ ನನ್ನನ್ನು ನೋಡಿದ. “ನೀವಾ ಚಿಕ್ಕಮ್ಮ ಹೇಳಿದ್ದು? ನಾನು ಅತ್ತೆ ಅಂದ್ಕೊಂಡಿದ್ದೆ” ಎಂದ. ಹಾಗೆ ನೋಡುವಾಗ ನಮ್ಮ ಎಕ್ಸಿಟ್ಟು ದಾಟಿ ಹೋಯಿತು. ಇನ್ನು ಐದು ಮೈಲಿ ಹಿಂದಿರುಗುವಂತಿಲ್ಲ. ಆ ಐದು ಮೈಲಿ ನನಗೆ ಬೆಂಗಳೂರಿನಿಂದ ಇಲ್ಲಿಯವರೆಗಿನ ವಿಮಾನಕ್ಕಿಂತ ಉದ್ದ ಎನಿಸಿತು.

ಹದಿಮೂರನೆಯ ಸೋಮವಾರ

ಬೆಳಗ್ಗೆ ಮೊಸರವಲಕ್ಕಿ ಕಲಸಿ, ಊರಿಂದ ತಂದ ಶೇಂಗಾ ಚಟ್ನಿಪುಡಿ ಮೇಲೆ ಉದುರಿಸಿ ಅವಳ ಮುಂದಿಟ್ಟೆ. ಹಿಂದಿನ ಎರಡು ದಿನ ಅದೊಂದೇ ಅವಳ ಹೊಟ್ಟೆಯಲ್ಲಿ ನಿಂತಿತ್ತು. ಅವಳು ಬಟ್ಟಲನ್ನು ಹಿಂದೆ ಸರಿಸಿದಳು.

“ಇವತ್ತ ಸೋಮವಾರ.”

“ನಾ ಹಿಡಿ ಅಂದಿದ್ದು. ನಾನ ಬಿಡು ಅನ್ಲಿಕ್ಕತ್ತೀನಿ.”

“ಹನ್ನೆರಡು ಮಾಡೀನಿ. ನಡುವ ಬಿಟ್ಟು ಏನರ ಆತಂದ್ರ?” ಬಟ್ಟಲಿಗೆ ತಟ್ಟೆ ಮುಚ್ಚಿದಳು. “ಅಕಿ ವ್ರತಾ ಬಿಟ್ಲು, ಅದಕ್ಕ ಹೋತು ಅಂತಾರ. ಅವ್ವ ಅಂತಾಳ. ಖರೇ ಹೇಳು, ನೀನೂ ಮನಸ್ಸಿನ್ಯಾಗ ಅಂತಿ.”

ಖರೇ ಹೇಳಬೇಕೆಂದರೆ, ಅನ್ನುತ್ತಿದ್ದೆ. ಎಲ್ಲವನ್ನೂ ಓದಿದ ಮೇಲೂ, ಮೂಲೆಯಲ್ಲಿ ಎಲ್ಲೋ ಒಮ್ಮೆ ಅನ್ನುತ್ತಿದ್ದೆ. ವಾರಕ್ಕೊಂದು ದಿನ ಉಪವಾಸದಿಂದ ಏನೂ ಕೆಡದಿರಲೂಬಹುದು, ಆಕಳು ಬೇರೆ, ಹೆಣ್ಣು ಬೇರೆ. ಆದರೆ ನನ್ನ ಕೈಗೆ ಸಿಕ್ಕ ಆ ಪಕ್ಕೆಲುಬುಗಳನ್ನು ಹೇಗೆ ಮರೆಯಲಿ? ಹೆದರಿದವಳಿಗೆ ವಿಜ್ಞಾನದ ಪಾಠ ಹೇಳಿದರೆ ಬಟ್ಟಲು ಖಾಲಿಯಾಗುವುದಿಲ್ಲ. ಮತ್ತೆ, ಪಾಠ ಹೇಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಅವರ ದೇವರು ಬಟ್ಟೆ ಒಗೆಯುವ ಯಂತ್ರದ ಮೇಲಿನ ಕಪಾಟಿನಲ್ಲಿ, ಸೋಪಿನ ಡಬ್ಬಿಗಳ ಪಕ್ಕದಲ್ಲಿದ್ದಾನೆ. ನಾನು ಸ್ನಾನ ಮಾಡಿ ಬಂದು ಆ ಬಾಗಿಲು ತೆರೆದೆ. ಅಶ್ವಿನಿಯನ್ನು ಕರೆದು, ಅವಳ ಕೈಯಿಂದ ನನ್ನ ಅಂಗೈಗೆ ಉದ್ಧರಣೆಯಲ್ಲಿ ನೀರು ಹಾಕಿಸಿಕೊಂಡೆ. ತಾಯಿ ಹಿಡಿದ ವ್ರತವನ್ನು ಮಗಳು, ಹೆಂಡತಿಯದನ್ನು ಗಂಡ ಮುಂದುವರಿಸಿದ್ದನ್ನು ನಮ್ಮ ಮನೆತನದಲ್ಲಿ ನೋಡಿದ್ದೆ. ಚಿಕ್ಕಮ್ಮ ಮುಂದುವರಿಸಬಹುದು ಎಂದು ಯಾವ ಪುಸ್ತಕದಲ್ಲಿದೆಯೋ ಗೊತ್ತಿಲ್ಲ.

“ಹನ್ನೆರಡು ಆಕೀವು. ಉಳದ ನಾಲ್ಕು ನನ್ನವು” ಎಂದು ದೇವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. “ತಪ್ಪು ಬಂದ್ರ ನನ್ನ ತಲೀ ಮ್ಯಾಲೆ.” ನೀರು ಬಿಟ್ಟೆ.

ಅಶ್ವಿನಿ ನನ್ನನ್ನು ನೋಡಿದಳು, ದೇವರನ್ನು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ನಿಂತುಕೊಂಡೇ ಬಟ್ಟಲು ಖಾಲಿ ಮಾಡಿದಳು. ಅರ್ಧ ತಿಂದ ಮೇಲೆ ಅಳಲು ಶುರುಮಾಡಿದಳು, ಆದರೆ ತಿನ್ನುವುದನ್ನು ನಿಲ್ಲಿಸಲಿಲ್ಲ.

ಹನ್ನೊಂದು ಗಂಟೆಗೆ ನನ್ನ ತಲೆ ಸಿಡಿಯತೊಡಗಿತು. ಒಂದು ಗಂಟೆಗೆ ಆ ಪ್ರೋಟೀನ್ ಬಾರುಗಳೂ ಚೆಂದ ಕಂಡವು. ಕಾರ್ತಿಕ ಬಂದು “ಚಿಕ್ಕಮ್ಮ, ನೀರಾದ್ರೂ ಕುಡೀರಿ, ಪ್ಲೀಸ್” ಎಂದ.

“ನಾ ಏನ್ ಗಬ್ಬ ಇಲ್ಲ, ಸುಮ್ನಿರಪಾ” ಎಂದೆ. ನಾನಿದ್ದಷ್ಟು ದಿನಗಳಲ್ಲಿ ಅವನು ಗಟ್ಟಿಯಾಗಿ ನಕ್ಕಿದ್ದು ಅದೊಂದೇ ಸಲ.

ಗುರುವಾರ

ಇಲ್ಲಿಯ ಆಸ್ಪತ್ರೆಗಳಲ್ಲಿ ಔಷಧಿಯ ವಾಸನೆ ಇಲ್ಲ, ಕಾಫಿಯ ವಾಸನೆ ಇದೆ. ಪ್ರತಿಯೊಬ್ಬರೂ ಬಂದು ತಮ್ಮ ಹೆಸರು ಹೇಳಿ, ನೀವು ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಾರೆ. ನನ್ನನ್ನೂ ಒಳಗೆ ಬಿಟ್ಟರು. ಕತ್ತಲು ಮಾಡಿದ ಕೋಣೆ, ಗೋಡೆಯ ಮೇಲೆ ಸ್ಕ್ಯಾನಿನ ಪರದೆ. ಸ್ಕ್ಯಾನು ಮಾಡುವ ಹುಡುಗಿ ಮಾತಿಲ್ಲದೆ ಗುಂಡಿಗಳನ್ನು ಒತ್ತುತ್ತಿದ್ದಳು. ಮಾತಾಡುವುದು ಅವಳ ಕೆಲಸವಲ್ಲವಂತೆ, ಅದನ್ನು ವೈದ್ಯರೇ ಬಂದು ಹೇಳಬೇಕಂತೆ.

ನಾನು ಜೀವಮಾನವಿಡೀ ಕಾಣದ್ದನ್ನು ಬೆರಳ ತುದಿಯಿಂದ ಓದಿದವಳು. ಇಲ್ಲಿ ಕಣ್ಣೆದುರೇ ಇತ್ತು. ಬೂದುಬಣ್ಣದ ಚೀಲ, ಒಳಗೆ ಹುರಳಿಕಾಳಿನಂಥದ್ದು, ಅದರ ನಡುವೆ ಏನೋ ಮಿಣಿ ಮಿಣಿ. ನನಗೆ ಗೊತ್ತಾಯಿತು. ಅಶ್ವಿನಿ ಕಣ್ಣು ಗಟ್ಟಿಯಾಗಿ ಮುಚ್ಚಿ ಮಲಗಿದ್ದಳು. ಇನ್ನೊಬ್ಬರ ಆಸ್ಪತ್ರೆಯಲ್ಲಿ ಬಾಯಿ ಹಾಕಬಾರದು ಎಂಬ ನೇಮ ನನಗೂ ಗೊತ್ತು. ನೇಮ ಹಾಳಾಗಿ ಹೋಗಲಿ ಎಂದುಕೊಂಡೆ.

“ಅಶೂ, ಕಣ್ಣ ತೆಗಿ. ಎದಿ ಹೊಡಕೊಳ್ಳಿಕ್ಕತ್ತದ” ಎಂದೆ.

ಸ್ಕ್ಯಾನಿನ ಹುಡುಗಿ ನನ್ನತ್ತ ಕೆಂಗಣ್ಣು ಬಿಟ್ಟಳು. ಕಾರ್ತಿಕ ಹೆಂಡತಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕೂತುಬಿಟ್ಟ.

ಆಮೇಲೆ ಬಂದ ವೈದ್ಯೆ ನಿಧಾನವಾಗಿ ಮಾತಾಡಿದಳು. ಬಡಿತ ಸರಿಯಾಗಿದೆ. ಇನ್ನೂ ಕೆಲವು ವಾರ ಹುಷಾರಾಗಿರಬೇಕು. ತೂಕ ಇಳಿದಿದೆ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ತಿನ್ನಬೇಕು, ಉಪವಾಸ ಬೇಡ. ಹಿಂದಿನ ಎರಡು ಹೋಗಿದ್ದಕ್ಕೆ ನೀನು ಮಾಡಿದ್ದಾಗಲೀ ಮಾಡದೆ ಬಿಟ್ಟಿದ್ದಾಗಲೀ ಕಾರಣವಲ್ಲ ಎಂದು ಅಶ್ವಿನಿಗೆ ಎರಡು ಸಲ ಹೇಳಿದಳು. ಎರಡನೆಯದು ಹೋದ ದಿನ ಫೋನಿನಲ್ಲಿ ನಾನು ಹೇಳಬೇಕಾಗಿದ್ದ ಮಾತು ಅದು. ಒಂದೇ ಒಂದು ವಾಕ್ಯ, ಆದರೆ ಅದು ನನಗೆ ಹೊಳೆದಿರಲಿಲ್ಲ.

ಆಕಾಶದಲ್ಲಿ, ಹದಿನಾಲ್ಕನೆಯದು

ನನ್ನ ಮರಳು ವಿಮಾನ ಬಿದ್ದಿದ್ದು ಸೋಮವಾರವೇ. ಹೊರಡುವ ಮುನ್ನ ಅಶ್ವಿನಿ ಒಂದು ಸ್ಟೀಲಿನ ಡಬ್ಬಿಯಲ್ಲಿ ಚೂರ್ಮ ಹಾಕಿ ಕೈಗಿಟ್ಟಳು. ಅಪ್ಪಿಕೊಂಡಾಗ ನನ್ನ ಕೈ ಮತ್ತೆ ಅವಳ ಬೆನ್ನಿಗೆ ಹೋಯಿತು.

“ಎಷ್ಟ್ ಕೊಟ್ಟಿ?” ಎಂದಳು.

“ಎರಡೂವರಿ.”

“ಜಿಪುಣಿ” ಎಂದಳು.

ವಿಮಾನ ಬೆಳಗ್ಗೆ ಹನ್ನೊಂದಕ್ಕೆ ಪಶ್ಚಿಮಕ್ಕೆ ಮುಖ ಮಾಡಿ ಎದ್ದಿತು. ಗಗನಸಖಿ ಮೂರು ಸಲ ಟ್ರೇ ತಂದಳು, ಮೂರು ಸಲ ಬೇಡ ಎಂದೆ. ಪಕ್ಕದ ಸೀಟಿನವನು ತನ್ನದನ್ನೂ ತಿಂದು, ನಾನು ಬಿಟ್ಟಿದ್ದರ ಬಗ್ಗೆ ವಿಚಾರಿಸಿದ. ಸೂರ್ಯ ಮುಳುಗಿದ ಮೇಲೆ ತಿನ್ನೋಣ ಎಂದು ಕಿಟಕಿ ನೋಡುತ್ತಾ ಕೂತೆ. ಮುಳುಗುವ ಲಕ್ಷಣವೇ ಇಲ್ಲ. ನಾವು ಅವನ ಬೆನ್ನಟ್ಟಿದಂತೆ ಅವನು ಮುಂದೆ ಮುಂದೆ ಓಡುತ್ತಿದ್ದ. ಆರು ಗಂಟೆಯಾಯಿತು, ಎಂಟಾಯಿತು, ಬಿಸಿಲು ಹಾಗೇ. ಪರದೆಯ ಮೇಲಿನ ನಕ್ಷೆಯಲ್ಲಿ ನಮ್ಮ ವಿಮಾನ ಒಂದು ಗೆರೆ ದಾಟಿತು. ಸೋಮವಾರ ಮುಳುಗದೆಯೇ ಮಂಗಳವಾರವಾಯಿತು. ವ್ರತದ ಕಥೆ ಬರೆದವರು ಇದಕ್ಕೆ ಏನೂ ಹೇಳಿಲ್ಲ. ಅವರು ಯಾರೂ ಪೆಸಿಫಿಕ್ ಸಾಗರದ ಮೇಲೆ ಹಸಿದು ಕೂತವರಲ್ಲ. ವ್ರತ ಕಟ್ಟಿದವರನ್ನು, ವಿಮಾನ ಕಂಡುಹಿಡಿದವರನ್ನು, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಮನಸಾರೆ ಬೈದುಕೊಂಡೆ. ಆದರೆ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ನೀರು ಬಿಟ್ಟು ಹೇಳಿದ ಮಾತು.

ಟೋಕಿಯೋದಲ್ಲಿ ಇಳಿದಾಗಲೂ ಬಿಸಿಲಿತ್ತು. ಗಾಜಿನ ಗೋಡೆಯ ಪಕ್ಕ ಕುರ್ಚಿ ಹಿಡಿದು ಕೂತೆ. ಕೊನೆಗೂ ಐದು ಗಂಟೆಯ ಹೊತ್ತಿಗೆ ಸೂರ್ಯ ರನ್‌ವೇಯ ಆಚೆ ಇಳಿದ. ಫೋನು ತೆರೆದೆ. ಅಶ್ವಿನಿ ಮೂರು ಫೋಟೋ ಕಳಿಸಿದ್ದಳು: ಬೆಳಗಿನ ಬಟ್ಟಲು, ಮಧ್ಯಾಹ್ನದ ತಟ್ಟೆ, ಸಂಜೆಯ ತಟ್ಟೆ. ಮೂರೂ ಖಾಲಿ. ಕೆಳಗೆ ಬರೆದಿದ್ದಳು: “ಮೊದ್ಲ ಹೊಟ್ಟಿಗೆ ಹಾಕೀನಿ, ಮೌಶಿ. ಹರಕಿ ನಿಂದು.”

ನಾನು ಡಬ್ಬಿ ತೆರೆದು ಚೂರ್ಮ ತಿಂದೆ. ಬೆಲ್ಲ ಕಡಿಮೆಯಾಗಿತ್ತು. ಇನ್ನೂ ಎರಡು ಸೋಮವಾರ ಉಳಿದಿದ್ದವು.